ಬಳ್ಳಾರಿ ಬಿಸಿಲು, ಪೇಪರ್ ಸುತ್ತಿದ ಆರು ಬಾಟಲಿ: ಸಾವಿರದೈನೂರರ ಒಳಗಿನ ವೈನ್ ರುಚಿ ನೋಡಿದ ಕಥೆ

ಗುಡ್ಡದ ಕೆಳಗಿನವ, ಬಳ್ಳಾರಿ:

ಹೋದ ಭಾನುವಾರ ಸಂಜೆ ನಮ್ಮ ಮನೆ ಮಾಳಿಗೆ ಮೇಲೆ ಐದು ಜನ ಕೂತು ಆರು ವೈನ್ ರುಚಿ ನೋಡಿದೆವು. ಬಾಟಲಿಗೆ ಹಳೇ ಪೇಪರ್ ಸುತ್ತಿ, ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಹಾಕಿ, ಒಂದರಿಂದ ಆರರ ತನಕ ನಂಬರ್ ಬರೆದಿತ್ತು. ಸುತ್ತಿದ್ದು ನನ್ನ ತಮ್ಮ. ಅವನು ಕುಡಿಯುವುದಿಲ್ಲ. ಹಾಗಾಗಿ ಯಾವ ನಂಬರ್ ಯಾವ ದೇಶದ್ದು ಅಂತ ಅವನೊಬ್ಬನಿಗೇ ಗೊತ್ತಿತ್ತು. ಮಾರ್ಕರ್ ಮಾತ್ರ ನಮ್ಮ ಜೀನ್ಸ್ ಯೂನಿಟ್‌ನ ಕಟಿಂಗ್ ಟೇಬಲ್‌ನಿಂದ ತಂದದ್ದು.

ಒಂದೇ ಷರತ್ತು. ಬಾಟಲಿ ಸಾವಿರದೈನೂರು ರೂಪಾಯಿ ದಾಟಬಾರದು. ಐದು ಬಾಟಲಿ ಭಾವ ಬೆಂಗಳೂರಲ್ಲಿ ಕೊಂಡು, ಕಾರಿನಲ್ಲಿ ಎಸಿ ಹಾಕಿಕೊಂಡು ತಂದರು. ಒಂದನ್ನು ನಾನೇ ಇಲ್ಲಿ ನಮ್ಮೂರ ಅಂಗಡಿಯಲ್ಲಿ ಕೊಂಡೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ವೈನ್ ಗ್ಲಾಸ್ ಯಾರ ಹತ್ತಿರವೂ ಇರಲಿಲ್ಲ. ಚಹಾದ ಗಾಜಿನ ಲೋಟ ಬಳಸಿದೆವು. ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ. ಕಾಲು ಲೋಟ ಹಾಕಿ, ಸ್ವಲ್ಪ ತಿರುಗಿಸಿ, ಮೂಗು ಇಟ್ಟು, ಆಮೇಲೆ ಬಾಯಿಗೆ. ನಡುನಡುವೆ ನೀರು, ಒಗ್ಗರಣೆ ಹಾಕದ ಬರೀ ಮಂಡಕ್ಕಿ. ಉಗುಳಲು ಒಂದು ಬಕೆಟ್ ಕೂಡ ಇಟ್ಟಿದ್ದೆವು. ಮೊದಲ ಎರಡು ನಂಬರ್ ತನಕ ಅದನ್ನು ಯಾರೂ ಮುಟ್ಟಲಿಲ್ಲ. ಮೂರನೆಯದಕ್ಕೆ ಎಲ್ಲರೂ ಮುಟ್ಟಿದರು.

ಅಂಕ ಕೊಡಲಿಲ್ಲ. ನೂರಕ್ಕೆ 88, 91 ಅನ್ನುವ ಲೆಕ್ಕ ನನಗೆ ಹಿಡಿಸುವುದಿಲ್ಲ. ಪ್ರತಿಯೊಬ್ಬರೂ ಚೀಟಿಯಲ್ಲಿ ಮೂರೇ ವಿಷಯ ಬರೆಯಬೇಕಿತ್ತು. ಕೆಟ್ಟಿದೆಯಾ? ಇನ್ನೊಂದು ಲೋಟ ಬೇಕಾ? ನೀವಾದರೆ ಎಷ್ಟು ಕೊಡುತ್ತೀರಿ?

ನಂಬರ್ ಒಂದು ಬಿಳಿ. ಪೇರಲ ಹಣ್ಣು ಕೊಯ್ದಾಗಿನ ವಾಸನೆ, ಹಿಂದೆ ಚೂರು ಜೇನು. ಹುಳಿ ಚೆನ್ನಾಗಿತ್ತು. ಐದರಲ್ಲಿ ನಾಲ್ವರು ಇನ್ನೊಂದು ಲೋಟ ಕೇಳಿದರು. ದಕ್ಷಿಣ ಆಫ್ರಿಕಾದ ಶೆನಿನ್ ಬ್ಲಾಂಕ್. ಈ ದ್ರಾಕ್ಷಿಯ ತವರು ಫ್ರಾನ್ಸ್‌ನ ಲುವಾರ್ ಕಣಿವೆ. ಆದರೆ ಇವತ್ತು ಫ್ರಾನ್ಸ್‌ಗಿಂತ ಜಾಸ್ತಿ ಬೆಳೆಯುವುದು ಅಲ್ಲೇ, ದಕ್ಷಿಣ ಆಫ್ರಿಕಾದಲ್ಲಿ.

ಎರಡೂ ಬಿಳಿ, ಅದೇ ದ್ರಾಕ್ಷಿ, ಆದರೆ ನಾಸಿಕ್‌ನದು. ತುಸು ಸಿಹಿ ಉಳಿಸಿ ಮಾಡಿದ್ದು. ಮೊದಲು ಖಾಲಿಯಾದ ಬಾಟಲಿ ಇದೇ. ಸಾವಿರದ ಇನ್ನೂರು ಕೊಡಬಹುದು ಅಂತ ಇಬ್ಬರು ಬರೆದರು. ಅದರ ಮುಕ್ಕಾಲು ಬೆಲೆಯೂ ಇರಲಿಲ್ಲ.

ಮೂರು ಕೆಂಪು. ನನ್ನ ಚೀಟಿಯಲ್ಲಿ ಹೀಗಿದೆ: "ಹಸಿ ಅಡಿಕೆ ಅಗಿದ ಹಾಗೆ ಒಗರು. ಹಣ್ಣೇ ಇಲ್ಲ. ಬೇಡ. 500." ಪೇಪರ್ ಬಿಚ್ಚಿದರೆ ಫ್ರಾನ್ಸ್‌ನ ಬೋರ್ಡೊ ಪ್ರದೇಶದ್ದು. ಆರರಲ್ಲಿ ಎಲ್ಲಕ್ಕಿಂತ ತುಟ್ಟಿ. ನಮ್ಮ ಗೆರೆಯನ್ನೂ ಚೂರು ದಾಟಿತ್ತು, ಭಾವನ ಹಠ. ಎರಡು ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ ಫ್ರೆಂಚ್ ವೈನ್ ಬಗ್ಗೆ ಭಾಷಣ ಬಿಗಿಯುತ್ತಿದ್ದವನು ನಾನೇ. ತಮ್ಮ ಆ ಚೀಟಿಯ ಫೋಟೋ ತೆಗೆದು ಮನೆ ಗ್ರೂಪ್‌ಗೆ ಹಾಕಿದ್ದಾನೆ.

ನಾಲ್ಕು ಚಿಲಿಯ ಕ್ಯಾಬರ್ನೆ ಸೊವಿನ್ಯೋನ್, ಇದೂ ದ್ರಾಕ್ಷಿಯ ಹೆಸರೇ. ನೇರಳೆ ಹಣ್ಣು, ಅದರ ಜೊತೆ ದಪ್ಪ ಮೆಣಸಿನಕಾಯಿ ಹೆಚ್ಚಿದಾಗಿನ ಹಸಿ ವಾಸನೆ. ಒಗರು ಇತ್ತು, ಮಿತಿಯಲ್ಲಿತ್ತು. ಆರು ಆಸ್ಟ್ರೇಲಿಯಾದ ಶಿರಾಜ್. ಜಾಮ್, ಕಾಳುಮೆಣಸು, ದಪ್ಪ ಮೈ. ಮೊದಲ ಗುಟುಕಿಗೆ ಎಲ್ಲರೂ "ಆಹಾ" ಅಂದರು. ಚೀಟಿ ನೋಡಿದರೆ ಇನ್ನೊಂದು ಲೋಟ ಬೇಕು ಅಂದವರು ಒಬ್ಬರೇ. ಇದು ನನಗೆ ಹೊಸ ಪಾಠ. ಗುಟುಕಿಗೆ ಗೆಲ್ಲುವ ವೈನ್ ಬೇರೆ, ಊಟಕ್ಕೆ ಕೂರುವ ವೈನ್ ಬೇರೆ.

ಐದನೆಯದು ಸ್ಪೇನ್‌ನ ಟೆಂಪ್ರನಿಯೊ. ಐದೂ ಜನ "ಕೆಟ್ಟಿದೆ" ಅಂತಲೇ ಬರೆದರು. ಒಣದ್ರಾಕ್ಷಿಗೆ ಬೆಲ್ಲ ಹಾಕಿ ಕುದಿಸಿ, ತಳ ಹತ್ತಿಸಿದ ಹಾಗೆ. ಬಣ್ಣ ಅಂಚಿನಲ್ಲಿ ಇಟ್ಟಿಗೆ ಕಂದು. ಇಡೀ ಸಂಜೆ ನಾವು ಐದೂ ಜನ ಒಪ್ಪಿದ ಒಂದೇ ಒಂದು ವಿಷಯ ಇದು. ನಮ್ಮೂರ ಅಂಗಡಿಯಲ್ಲಿ ನಾನು ಕೊಂಡ ಬಾಟಲಿ ಅದೇ.

ಮಂಡಕ್ಕಿ ಮಿರ್ಚಿ, ಬಳ್ಳಾರಿ:

ಅಣ್ಣಾ, ಚಿಲಿ ದೇಶದ ವೈನ್‌ನಲ್ಲಿ ಮೆಣಸಿನಕಾಯಿ ವಾಸನೆ ಬಂತು ಅಂತೀರಿ. ಹೆಸರು ನೋಡಿ ಬಂದದ್ದಲ್ಲ ತಾನೇ?

ನಮ್ಮ ಕಡೆ ಅಂಗಡಿ ಬೋರ್ಡ್ ಮೇಲೆ ದೊಡ್ಡದಾಗಿ "ವೈನ್ಸ್" ಅಂತ ಇರುತ್ತದೆ. ಒಳಗೆ ಹೋಗಿ ವೈನ್ ಕೇಳಿ ನೋಡಿ. ಹುಡುಗ ಒಂದು ನಿಮಿಷ ಮೇಲೆ ಕೆಳಗೆ ನೋಡುತ್ತಾನೆ. ಆಮೇಲೆ ಸ್ಟೂಲ್ ಹತ್ತಿ, ಮೇಲಿನ ಸಾಲಿನಿಂದ ಪೋರ್ಟ್ ಅನ್ನುವ ಸಿಹಿ ವೈನಿನ ಧೂಳು ಹಿಡಿದ ಬಾಟಲಿ ಇಳಿಸಿ, ಅಂಗಿಗೆ ಒರೆಸಿ, "ಬಾಣಂತಿಗಾ ಸಾರ್?" ಅಂತ ಕೇಳುತ್ತಾನೆ. ನನಗೆ ಮದುವೆಯೇ ಆಗಿಲ್ಲ.

ಗುಡ್ಡದ ಕೆಳಗಿನವ, ಬಳ್ಳಾರಿ:

ಪೇಪರ್ ಸುತ್ತಿತ್ತು ಮಾರಾಯ, ಚಿಲಿ ಅಂತ ಗೊತ್ತೇ ಇರಲಿಲ್ಲ. ಆ ವಾಸನೆ ನಿಜವಾದದ್ದು. ಪೈರಜೀನ್ ಅನ್ನುವ ವಸ್ತು ದಪ್ಪ ಮೆಣಸಿನಕಾಯಲ್ಲೂ ಇದೆ, ಕ್ಯಾಬರ್ನೆ ಜಾತಿಯ ದ್ರಾಕ್ಷಿಯಲ್ಲೂ ಇದೆ. ಹಣ್ಣು ಪೂರ್ತಿ ಮಾಗದಿದ್ದರೆ ಜಾಸ್ತಿ ಬರುತ್ತದೆ. ಚಿಲಿಯಲ್ಲಿ ಕಾರ್ಮೆನೇರ್ ಅಂತ ಇನ್ನೊಂದು ದ್ರಾಕ್ಷಿ ಇದೆ, ಅದರಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಅದರ ಕಥೆ ಮಜವಾಗಿದೆ. ಫ್ರಾನ್ಸ್‌ನಲ್ಲಿ ಆ ಜಾತಿ ನಾಶವಾಯಿತು ಅಂತಲೇ ಎಲ್ಲರೂ ನಂಬಿದ್ದರು. ಚಿಲಿಯವರು ತಮ್ಮ ತೋಟದಲ್ಲಿರುವುದು ಮೆರ್ಲೋ ಅಂದುಕೊಂಡು ಮಾರುತ್ತಿದ್ದರು. 1994ರಲ್ಲಿ ಜಾನ್ ಮಿಷೆಲ್ ಬೂರ್ಸಿಕೋ ಅನ್ನುವ ಫ್ರೆಂಚ್ ತಜ್ಞ ಹೋಗಿ ಬಳ್ಳಿ ನೋಡಿ, ಇದು ಮೆರ್ಲೋ ಅಲ್ಲ, ಕಾರ್ಮೆನೇರ್ ಅಂದ. ಅಷ್ಟು ವರ್ಷ ಲೇಬಲ್ ಓದಿ "ಒಳ್ಳೆ ಮೆರ್ಲೋ" ಅಂದವರ ಗತಿ ಏನು?

ಬಿ ಶಿಫ್ಟ್, ತೋರಣಗಲ್ಲು:

ನಿಮ್ಮ ಐದನೇ ನಂಬರ್ ಬಗ್ಗೆ ಕೇಳಬೇಕು. ಅದಕ್ಕೆ ಬಿರಡೆ ಇತ್ತಾ, ತಿರುಪಿನ ಮುಚ್ಚಳ ಇತ್ತಾ? ಬಿರಡೆ ಆಗಿದ್ದರೆ ಅದು ಬಾಟಲಿ ಬಾಯಿಗೆ ಸಮ ಕೂತಿತ್ತಾ?

ಗುಡ್ಡದ ಕೆಳಗಿನವ, ಬಳ್ಳಾರಿ:

ಬಿರಡೆ. ಸಮ ಇರಲಿಲ್ಲ. ಮೇಲಿನ ಹಾಳೆ ಕತ್ತರಿಸಿದಾಗ ಅರ್ಧ ಉಗುರಿನಷ್ಟು ಮೇಲೆ ಎದ್ದಿತ್ತು. ಕುತ್ತಿಗೆ ಹತ್ತಿರ ಅಂಟು ಅಂಟು, ಒಣಗಿದ ಕೆಂಪು ಗೆರೆ. ಪೇಪರ್ ಸುತ್ತುವಾಗ ತಮ್ಮ "ಇದು ಸೋರಿದೆ ಅಣ್ಣಾ" ಅಂದಿದ್ದ. ನಾನೇ ಸುಮ್ನೆ ಬಿಡು ಅಂದೆ.

ಬಿ ಶಿಫ್ಟ್, ತೋರಣಗಲ್ಲು:

ಹಾಗಾದರೆ ಸ್ಪೇನ್‌ನವರನ್ನು ಬೈಯಬೇಡಿ. ನೀವು ಕುಡಿದದ್ದು ಸ್ಪೇನ್ ಅಲ್ಲ, ಬಳ್ಳಾರಿಯ ಏಪ್ರಿಲ್.

ನಾನು ಸ್ಟೀಲ್ ಪ್ಲಾಂಟ್‌ನವನು, ಶಾಖದ ಜೊತೆಗೇ ಬದುಕು. ವೈನ್ ಇಡಬೇಕಾದದ್ದು 12ರಿಂದ 15 ಡಿಗ್ರಿಯಲ್ಲಿ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಹೊರಗೆ 40 ದಾಟುತ್ತದೆ. ಶಟರ್ ಎಳೆದ ಅಂಗಡಿಯ ಒಳಗೆ, ತಗಡಿನ ಕೆಳಗೆ, ಮೇಲಿನ ಸಾಲಿನಲ್ಲಿ ಎಷ್ಟಿರಬಹುದು ಯೋಚಿಸಿ. ಬಿಸಿಗೆ ವೈನ್ ಹಿಗ್ಗುತ್ತದೆ, ಬಿರಡೆ ಮೇಲೆ ತಳ್ಳುತ್ತದೆ. ರಾತ್ರಿ ತಣ್ಣಗಾದಾಗ ಕುಗ್ಗುತ್ತದೆ, ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಹೀಗೆ ಎರಡು ತಿಂಗಳು ನಡೆದರೆ ಹಣ್ಣಿನ ವಾಸನೆ ಹೋಗಿ ಕಾಕಂಬಿ ವಾಸನೆ ಉಳಿಯುತ್ತದೆ. ವಿಸ್ಕಿ, ರಮ್ ಇದನ್ನೆಲ್ಲ ತಡೆಯುತ್ತವೆ, ಅವುಗಳ ಆಲ್ಕೋಹಾಲ್ ಶೇ. 42ರ ಸುತ್ತಮುತ್ತ. ವೈನ್ ಶೇ. 12ರಿಂದ 14. ಹಾಲಿನ ಹಾಗೆ ಅಲ್ಲದಿದ್ದರೂ ಮಜ್ಜಿಗೆಯ ಹಾಗಾದರೂ ನೋಡಿಕೊಳ್ಳಬೇಕು.

ಇನ್ನೊಂದು. ಕೆಂಪು ವೈನ್ ಅನ್ನು "ರೂಮ್ ಟೆಂಪರೇಚರ್"ನಲ್ಲಿ ಕುಡಿಯಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ಯುರೋಪಿನ ಹಳೇ ಕಲ್ಲಿನ ಮನೆಯ ರೂಮ್. 16ರಿಂದ 18 ಡಿಗ್ರಿ. ನಮ್ಮ ರೂಮ್ ಅಲ್ಲ. ಕೆಂಪು ವೈನನ್ನೂ ನಲವತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ನಿಮ್ಮ ಶಿರಾಜ್ ಎರಡನೇ ಲೋಟಕ್ಕೆ ಯಾಕೆ ಬೇಡವಾಯಿತು ಅಂತ ನನಗೆ ಅನುಮಾನ ಇದೆ. ಮಾಳಿಗೆ ಮೇಲೆ ಆರನೇ ನಂಬರ್ ತನಕ ಅದು ಬಿಸಿಯಾಗಿರಬೇಕು. ಬಿಸಿ ವೈನ್‌ನಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಸಿಹಿ ಮುಖಕ್ಕೆ ರಾಚುತ್ತದೆ.

ಮೇಷ್ಟ್ರು, ಗಂಗಾವತಿ:

ಎಲ್ಲ ಓದಿದೆ. ಕ್ಷಮಿಸಿ, ನನಗೆ ಇದೆಲ್ಲ ಆಟ ಅನಿಸುತ್ತದೆ. ಪೇರಲ, ಜೇನು, ಕಾಳುಮೆಣಸು. ದ್ರಾಕ್ಷಿ ರಸದಲ್ಲಿ ಇಡೀ ಕಿರಾಣಿ ಅಂಗಡಿ ಹೇಗೆ ಬಂತು?

2001ರಲ್ಲಿ ಬೋರ್ಡೊ ಊರಿನಲ್ಲೇ ಒಂದು ಪರೀಕ್ಷೆ ನಡೆಯಿತು. ವೈನ್ ವಿದ್ಯೆ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೇ ರುಚಿಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನ್‌ಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. ಕಣ್ಣು ಹೇಳಿದ್ದನ್ನೇ ಮೂಗು ಒಪ್ಪಿಕೊಂಡಿತು. ಇನ್ನೊಂದು, ರಾಬರ್ಟ್ ಹಾಜ್ಸನ್ ಅನ್ನುವವರು ಅಮೆರಿಕದ ನಿವೃತ್ತ ಪ್ರಾಧ್ಯಾಪಕರು, ತಾವೇ ವೈನ್ ಮಾಡುವವರು. ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್ ಸ್ಪರ್ಧೆಯಲ್ಲಿ ತೀರ್ಪುಗಾರರಿಗೆ ಗೊತ್ತಾಗದ ಹಾಗೆ ಒಂದೇ ಬಾಟಲಿಯ ವೈನ್ ಮೂರು ಸಲ ಕೊಡಿಸಿದರು. ಮೂರು ಸಲವೂ ಹೆಚ್ಚುಕಮ್ಮಿ ಒಂದೇ ಅಂಕ ಕೊಟ್ಟವರು ನೂರಕ್ಕೆ ಹತ್ತು ಜನ. ಅದೇ ಸ್ಪರ್ಧೆಯಲ್ಲಿ 2007ರಲ್ಲಿ ಆಗ ಎರಡು ಡಾಲರ್‌ಗೆ ಮಾರುತ್ತಿದ್ದ ಚಾರ್ಲ್ಸ್ ಶಾ ಅನ್ನುವ ಬ್ರಾಂಡ್‌ನ ಶಾರ್ಡೊನೆ ಬಿಳಿ ವೈನ್‌ಗೆ ರಾಜ್ಯದ ಅತ್ಯುತ್ತಮ ಶಾರ್ಡೊನೆ ಅಂತ ಪ್ರಶಸ್ತಿ ಬಂತು. ಹೀಗಿರುವಾಗ ಮಾಳಿಗೆ ಮೇಲಿನ ಐದು ಜನರ ಚೀಟಿಗೆ ಏನು ಬೆಲೆ?

ಹತ್ತಿ ಅಡತಿ, ರಾಯಚೂರು:

ಮೇಷ್ಟ್ರೇ, ನೀವು ಹೇಳಿದ್ದು ಅರ್ಧ ಸರಿ. ಉಳಿದರ್ಧ ನಮ್ಮ ಮಾರ್ಕೆಟ್‌ಗೆ ಬಂದರೆ ಗೊತ್ತಾಗುತ್ತದೆ.

ನಾನು ಮೂವತ್ತು ವರ್ಷದಿಂದ ಹತ್ತಿ ನೋಡುತ್ತಿದ್ದೇನೆ. ಖರೀದಿದಾರ ರಾಶಿಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ. ಎರಡೂ ಹೆಬ್ಬೆರಳಿನ ನಡುವೆ ಎಳೆಯುತ್ತಾನೆ, ಎಳೆ ಎಷ್ಟುದ್ದ ಬರುತ್ತದೆ, ಎಲ್ಲಿ ಹರಿಯುತ್ತದೆ ನೋಡುತ್ತಾನೆ. ಬೀಜ ಕಚ್ಚಿ ತೇವ ನೋಡುತ್ತಾನೆ. ಒಳ್ಳೆ ಹತ್ತಿಯ ಎರಡು ರಾಶಿ ಪಕ್ಕಪಕ್ಕ ಇದ್ದರೆ ಯಾವುದಕ್ಕೆ ನೂರು ರೂಪಾಯಿ ಜಾಸ್ತಿ ಅಂತ ನಾಲ್ಕು ಜನ ನಾಲ್ಕು ಥರ ಹೇಳುತ್ತಾರೆ. ಅವನೇ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಹೇಳುತ್ತಾನೆ. ಆದರೆ ನೀರು ಹೊಡೆದ ಹತ್ತಿ ತಂದು ಸುರಿಯಿರಿ. ಒಬ್ಬನಾದರೂ ಒಳ್ಳೆಯದು ಅನ್ನಲಿ ನೋಡೋಣ.

ಗುಡ್ಡದ ಕೆಳಗಿನವರ ಚೀಟಿ ಮತ್ತೆ ಓದಿ. ಒಂದು, ಎರಡು, ನಾಲ್ಕರ ಬಗ್ಗೆ ಜಗಳ ಇದೆ. ಐದನೆಯದು ಕೆಟ್ಟಿದೆ ಅನ್ನುವುದಕ್ಕೆ ಜಗಳ ಇಲ್ಲ. ಮೇಲಿನವರಲ್ಲಿ ಯಾರು ಮೊದಲು ಅಂತ ಸಾಲು ಹಚ್ಚಲು ಹೋದರೆ ತಪ್ಪುತ್ತೀರಿ. ಕೆಟ್ಟದ್ದನ್ನು ಆರಿಸಿ ಹೊರಗೆ ಹಾಕಲು ಐದು ಜನರ ನಾಲಿಗೆ ಧಾರಾಳ ಸಾಕು. ಅಗ್ಗದ ವೈನ್ ಕೊಳ್ಳುವವನಿಗೆ ಬೇಕಾದದ್ದೂ ಅಷ್ಟೇ ಅಲ್ವಾ?

ಮೇಷ್ಟ್ರು, ಗಂಗಾವತಿ:

ಅಡತಿ ಸಾಹೇಬರೇ, ನೀರು ಹೊಡೆದ ಹತ್ತಿಯ ಉದಾಹರಣೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ತುಟ್ಟಿ ಅಂದರೆ ಒಳ್ಳೆಯದು ಅನ್ನುವ ಭ್ರಮೆಯ ಬಗ್ಗೆ ನನ್ನ ಮಾತು ನಿಲ್ಲುತ್ತದೆ. 2008ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಆರು ಸಾವಿರಕ್ಕೂ ಹೆಚ್ಚು ಸಲ ಲೇಬಲ್ ಮುಚ್ಚಿ ರುಚಿ ನೋಡಿಸಿದ ಲೆಕ್ಕ ಇದೆ. ತರಬೇತಿ ಇಲ್ಲದ ಸಾಮಾನ್ಯ ಜನ ತುಟ್ಟಿ ವೈನನ್ನು ಸ್ವಲ್ಪ ಕಡಿಮೆಯೇ ಮೆಚ್ಚಿದರು.

ಗುಡ್ಡದ ಕೆಳಗಿನವ, ಬಳ್ಳಾರಿ:

ಈಗ ನೋಡಿ, ಬೋರ್ಡೊಗೆ ನಾನು ಐನೂರು ಬರೆದದ್ದಕ್ಕೆ ಒಂದು ಆಧಾರ ಸಿಕ್ಕಿತು. ಮನೆ ಗ್ರೂಪ್‌ಗೆ ಇದನ್ನೂ ಹಾಕುತ್ತೇನೆ.

ತುಂಗಭದ್ರೆ ಬಿಟ್ಟವ, ಅಡಿಲೇಡ್:

ಮೂಲ ಊರು ರಾಯಚೂರು. ಇಲ್ಲಿ ವೈನ್‌ಗೆ ಹೆಸರಾದ ಬರೊಸ್ಸಾ ಕಣಿವೆ ನಮ್ಮ ಮನೆಯಿಂದ ಒಂದು ತಾಸಿನ ದಾರಿ. ನಿಮ್ಮ ಸಾವಿರದೈನೂರರ ಗೆರೆ ಓದಿ ನಗು ಬಂತು, ಆಮೇಲೆ ಬೇಜಾರಾಯಿತು. ಯಾಕೆ ಹೇಳುತ್ತೇನೆ.

ಇಲ್ಲಿಂದ ಒಂದು ಬಾಟಲಿ ಮುನ್ನೂರು ರೂಪಾಯಿ ಬೆಲೆಗೆ ಹಡಗು ಹತ್ತಿತು ಅಂತ ಇಟ್ಟುಕೊಳ್ಳಿ. 2022ರ ಡಿಸೆಂಬರ್ ತನಕ ಅದರ ಮೇಲೆ ಭಾರತದ ಆಮದು ಸುಂಕ ಶೇ. 150. ಅಂದರೆ ಬಂದರಿನಲ್ಲೇ ಮುನ್ನೂರು ಹೋಗಿ ಏಳುನೂರ ಐವತ್ತು. ಅದರ ಮೇಲೆ ರಾಜ್ಯದ ತೆರಿಗೆ, ಆಮದುದಾರರ ಲಾಭ, ಅಂಗಡಿಯ ಲಾಭ. ಸಾವಿರದ ನಾನೂರಕ್ಕೆ ನಿಮ್ಮ ಕೈಗೆ ಬಂದದ್ದು ಮುನ್ನೂರರ ವೈನ್.

2022ರ ಡಿಸೆಂಬರ್ 29ರಿಂದ ಭಾರತ ಆಸ್ಟ್ರೇಲಿಯಾ ಒಪ್ಪಂದ ಜಾರಿಗೆ ಬಂತು. ಸುಂಕ ಇಳಿಯಿತು ಅಂತ ಪತ್ರಿಕೆಗಳಲ್ಲಿ ಓದಿರುತ್ತೀರಿ. ಇಳಿದದ್ದು ಯಾವುದಕ್ಕೆ? 750 ಮಿಲಿ ಬಾಟಲಿಗೆ ಆಮದು ಬೆಲೆ ಐದು ಅಮೆರಿಕನ್ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ. ಐದರಿಂದ ಹದಿನೈದು ಡಾಲರ್‌ನದಕ್ಕೆ ತಕ್ಷಣ ಶೇ. 100, ಮುಂದೆ ಹತ್ತು ವರ್ಷದಲ್ಲಿ ಶೇ. 50ಕ್ಕೆ; ಅದಕ್ಕಿಂತ ತುಟ್ಟಿಯದಕ್ಕೆ ಇನ್ನೂ ಕಡಿಮೆ. ಐದು ಡಾಲರ್ ಒಳಗಿನ ಬಾಟಲಿಗೆ ಆ ಒಪ್ಪಂದದಲ್ಲಿ ಏನೂ ಇಲ್ಲ. ನೀವು ಮಾಳಿಗೆ ಮೇಲೆ ಸುತ್ತಿಟ್ಟ ಬಾಟಲಿ ಅದೇ ಗುಂಪಿನದು.

ನಾಸಿಕ್‌ನ ವೈನ್ ಗೆದ್ದದ್ದರಲ್ಲಿ ಆಶ್ಚರ್ಯ ಇಲ್ಲ. ಅದರ ಬೆಲೆಯಲ್ಲಿ ಕಸ್ಟಮ್ಸ್ ಇಲ್ಲ, ಸಮುದ್ರ ಇಲ್ಲ. ಕೊಟ್ಟ ದುಡ್ಡಿನಲ್ಲಿ ದ್ರಾಕ್ಷಿಗೆ ಹೋದ ಪಾಲು ಜಾಸ್ತಿ.

ಇಲ್ಲಿಯವರೇ ಬಿರಡೆ ಬಿಟ್ಟ ಕಥೆಯನ್ನೂ ಒಂದು ಮಾತಿನಲ್ಲಿ ಹೇಳುತ್ತೇನೆ. 2000ನೇ ಇಸವಿಯಲ್ಲಿ ಕ್ಲೇರ್ ಕಣಿವೆಯ ಕೆಲವು ತಯಾರಕರು ಒಟ್ಟಿಗೆ ಸೇರಿ ತಮ್ಮ ರೀಸ್ಲಿಂಗ್ ಅನ್ನುವ ಬಿಳಿ ವೈನ್‌ಗೆ ತಿರುಪಿನ ಮುಚ್ಚಳ ಹಾಕಿದರು. ಬಿರಡೆಯಿಂದ ಕೆಲವು ಬಾಟಲಿಗೆ ಒದ್ದೆ ರಟ್ಟಿನ ವಾಸನೆ ಹಿಡಿಯುತ್ತದೆ, ಅದು ತಪ್ಪಲಿ ಅಂತ. ನಿಮ್ಮ ಕಡೆ ತಿರುಪಿನ ಮುಚ್ಚಳ ಕಂಡರೆ ಅಗ್ಗದ ಮಾಲು ಅಂತ ಮೂಗು ಮುರಿಯುತ್ತಾರೆ. ಬಳ್ಳಾರಿಯಂಥ ಊರಿಗೆ ಅದೇ ಸರಿ.

ದ್ರಾಕ್ಷಿ ಪಡ, ಕುಷ್ಟಗಿ:

ನಾನು ದ್ರಾಕ್ಷಿ ಬೆಳೆಯುವವನು, ಕುಡಿಯುವುದು ಅಪರೂಪ. ಒಂದೆರಡು ಮಾತು.

ತಿನ್ನುವ ದ್ರಾಕ್ಷಿಯೇ ವೈನ್ ಆಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಪಡದಲ್ಲಿರುವುದು ಥಾಮ್ಸನ್. ಬೀಜ ಇಲ್ಲ, ತೊಗಟೆ ತೆಳು, ಕಾಯಿ ದಪ್ಪ. ವೈನ್ ದ್ರಾಕ್ಷಿ ಸಣ್ಣದು, ಬೀಜ ಇರುತ್ತದೆ, ತೊಗಟೆ ದಪ್ಪ. ನೀವು ಹೇಳುವ ಬಣ್ಣ, ಒಗರು ಎಲ್ಲ ಆ ತೊಗಟೆ ಮತ್ತು ಬೀಜದಿಂದ ಬರುವುದು. ರಸದಿಂದಲ್ಲ. ಅದಕ್ಕೇ ಕೆಂಪು ವೈನನ್ನು ತೊಗಟೆ ಸಮೇತ ಹುದುಗಿಸುತ್ತಾರೆ, ಬಿಳಿಯನ್ನು ಹಿಂಡಿ ರಸ ಮಾತ್ರ.

ನಮ್ಮಲ್ಲಿ ಬಳ್ಳಿ ನಿದ್ದೆ ಮಾಡುವುದಿಲ್ಲ. ಯುರೋಪಿನಲ್ಲಿ ಚಳಿಗೆ ಎಲೆ ಉದುರಿ ಬಳ್ಳಿ ಮಲಗುತ್ತದೆ. ಇಲ್ಲಿ ನಾವೇ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡಿ, ಅಂದರೆ ಬಳ್ಳಿ ಕತ್ತರಿಸಿ, ದಾರಿಗೆ ತರಬೇಕು. ಏಪ್ರಿಲ್ ಚಾಟ್ನಿ ಕಡ್ಡಿಗೆ, ಅಕ್ಟೋಬರ್ ಚಾಟ್ನಿ ಕಾಯಿಗೆ. ಹಣ್ಣು ಫೆಬ್ರವರಿ, ಮಾರ್ಚ್‌ಗೆ. ಆಗ ರಾತ್ರಿ ಇನ್ನೂ ಸ್ವಲ್ಪ ತಂಪಿದ್ದರೆ ಹುಳಿ ಉಳಿಯುತ್ತದೆ. ಬಿಸಿಲು ಬೇಗ ಬಂದರೆ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಹುಳಿ ಇಲ್ಲದ ವೈನ್ ಹುಣಸೆಹಣ್ಣು ಮರೆತ ಸಾರಿನ ಹಾಗೆ.

ಕರ್ನಾಟಕ 2007ರಲ್ಲಿ ವೈನ್ ನೀತಿ ಮಾಡಿದಾಗ ನಮ್ಮ ಕಡೆ ದೊಡ್ಡ ಆಸೆ ಹುಟ್ಟಿತ್ತು. ಬಹಳ ಜನ ಮತ್ತೆ ತಿನ್ನುವ ದ್ರಾಕ್ಷಿಗೆ, ಒಣದ್ರಾಕ್ಷಿಗೆ, ದಾಳಿಂಬೆಗೆ ಹೋದರು. ಆದರೂ ಕೊಪ್ಪಳ ಜಿಲ್ಲೆಯ ಮಣ್ಣಲ್ಲಿ ಒಳ್ಳೆ ವೈನ್ ಆಗುತ್ತದೆ ಅನ್ನುವುದಕ್ಕೆ ಹಂಪಿ ಹಿಲ್ಸ್ ಅಂತ ಹೆಸರಿಟ್ಟ, ಕ್ರಿಸ್ಮಾ ಅನ್ನುವ ವೈನ್ ಕಂಪನಿಯ ತೋಟವೇ ಇದೆ. ಅದು ನಿಮ್ಮ ಸಾವಿರದೈನೂರರ ಗೆರೆಯ ಒಳಗೆ ಬರುವ ಮಾಲಲ್ಲ ಅಷ್ಟೇ.

ಮಂಡಕ್ಕಿ ಮಿರ್ಚಿ, ಬಳ್ಳಾರಿ:

ಪಡದ ಅಣ್ಣಾ, ಹಾಗಾದರೆ ನನ್ನ ಬಾಣಂತಿ ಪೋರ್ಟ್ ಯಾವ ದ್ರಾಕ್ಷಿಯದು?

ದ್ರಾಕ್ಷಿ ಪಡ, ಕುಷ್ಟಗಿ:

ಬಹುಪಾಲು ಬೆಂಗಳೂರು ನೀಲಿ. ಅದು ಅಮೆರಿಕ ಮೂಲದ ಬೇರೆ ಜಾತಿ, ಜೆಲ್ಲಿ ಮಿಠಾಯಿಯ ದ್ರಾಕ್ಷಿ ವಾಸನೆ ಬರುತ್ತದಲ್ಲ, ಅದೇ. ಪೋರ್ಚುಗಲ್‌ನ ಅಸಲಿ ಪೋರ್ಟ್ ಬೇರೆ. ಡೌರೊ ಕಣಿವೆಯಲ್ಲಿ ಹುದುಗುವಾಗ ನಡುವೆ ಬ್ರಾಂಡಿ ಸುರಿದು ನಿಲ್ಲಿಸುತ್ತಾರೆ. ದ್ರಾಕ್ಷಿಯದೇ ಸಕ್ಕರೆ ಉಳಿಯುತ್ತದೆ, ಆಲ್ಕೋಹಾಲ್ ಶೇ. 20ರ ಹತ್ತಿರ. ಎರಡಕ್ಕೂ ಹೆಸರು ಒಂದೇ, ಊರು ಬೇರೆ. ಮತ್ತೆ ಒಂದು ಮಾತು, ಬಾಣಂತಿಗೆ ಎರಡೂ ಬೇಡ.

ರೊಟ್ಟಿ ಅಕ್ಕ, ಕೊಪ್ಪಳ:

ನೀವೆಲ್ಲ ಬರೀ ಮಂಡಕ್ಕಿ ತಿಂದು ರುಚಿ ನೋಡಿದ್ದೀರಿ. ಮನೆಯಲ್ಲಿ ಯಾರು ಬರೀ ಮಂಡಕ್ಕಿ ಜೊತೆ ಕುಡಿಯುತ್ತಾರೆ? ನಮ್ಮ ಊಟಕ್ಕೆ ಯಾವುದು ಹೊಂದುತ್ತದೆ ಅಂತ ಯಾರೂ ಹೇಳಲಿಲ್ಲ.

ನಾನೂ ನಮ್ಮ ಮನೆಯವರೂ ತಿಂಗಳಿಗೊಮ್ಮೆ ಒಂದು ಬಾಟಲಿ ತೆಗೆಯುತ್ತೇವೆ. ಕೊಂಡು ತರುವುದು ಅವರೇ. ಒಂದು ಸಲ ನಾನೇ ಹೋಗಿದ್ದೆ. ಕೌಂಟರ್‌ನಲ್ಲಿದ್ದವನು ನನ್ನನ್ನು ಬಿಟ್ಟು ಹಿಂದೆ ನಿಂತ ಮೂವರಿಗೆ ಕೊಟ್ಟ, ಆಮೇಲೆ "ಮೇಡಂ, ನೀವು ಕಾರಲ್ಲಿ ಕೂತಿರಿ" ಅಂದ. ನಾನು ಬಂದದ್ದು ಸ್ಕೂಟಿಯಲ್ಲಿ. ಇರಲಿ.

ಮಿರ್ಚಿ ಭಜಿ, ಖಾರದ ಮಟನ್ ಸಾರು, ಕೆಂಪು ಚಟ್ನಿ ಇವುಗಳ ಜೊತೆ ಒಗರಿನ ಕೆಂಪು ವೈನ್ ಕುಡಿದರೆ ಬಾಯಿ ಒಲೆಯಾಗುತ್ತದೆ. ಖಾರ ತಗಲುವ ಜಾಗಕ್ಕೇ ಆಲ್ಕೋಹಾಲ್ ಕೂಡ ತಗಲಿ ಉರಿ ಹೆಚ್ಚಿಸುತ್ತದೆ. ಆಲ್ಕೋಹಾಲ್ ಕಡಿಮೆ, ತುಸು ಸಿಹಿ, ಚೆನ್ನಾಗಿ ತಣ್ಣಗಿರುವ ಬಿಳಿ ಬೇಕು. ನಿಮ್ಮ ಎರಡನೇ ನಂಬರ್ ಮೊದಲು ಖಾಲಿಯಾದದ್ದು ಅದಕ್ಕೇ. ಆ ಹೊತ್ತಿಗೆ ಯಾರೋ ಮಿರ್ಚಿ ತಂದಿರಬೇಕು, ನಿಜ ಹೇಳಿ.

ಕೆಂಪು ಹೊಂದುವುದು ಎಣ್ಣೆಗಾಯಿಗೆ. ಶೇಂಗಾ, ಎಳ್ಳು, ಗುರೆಳ್ಳು ತುಂಬಿದ ಬದನೆಕಾಯಿ ಎಣ್ಣೆಯಲ್ಲಿ ಹದವಾಗಿ ಬೆಂದಿರಬೇಕು, ಖಾರ ಅರ್ಧ ಹಾಕಬೇಕು. ಎಣ್ಣೆ ಅಂಶ ಬಾಯಿಯನ್ನು ನುಣ್ಣಗೆ ಮಾಡುತ್ತದೆ, ಒಗರು ಅದನ್ನು ತೊಳೆಯುತ್ತದೆ. ಸಜ್ಜೆ ರೊಟ್ಟಿ ಆದರೆ ಇನ್ನೂ ಒಳ್ಳೆಯದು. ನಿಮ್ಮ ಬೋರ್ಡೊ ಉಳಿದಿದ್ದರೆ ಹೀಗೆ ಒಮ್ಮೆ ನೋಡಿ, ಆಮೇಲೆ ಐನೂರು ಬರೆಯಿರಿ.

ಗುಡ್ಡದ ಕೆಳಗಿನವ, ಬಳ್ಳಾರಿ:

ಅಕ್ಕಾ, ಹಿಡಿದುಬಿಟ್ಟಿರಿ. ಎರಡನೇ ನಂಬರ್ ಸುರಿಯುವಾಗಲೇ ಭಾವ ಮಿರ್ಚಿ ಪೊಟ್ಟಣ ಬಿಚ್ಚಿದರು. ಅದರ ಮೇಲೆಯೇ ಮೂರನೇ ನಂಬರ್ ಬಂತು. ಬೋರ್ಡೊಗೆ ಅನ್ಯಾಯ ಆಗಿದೆ ಅಂತ ಈಗ ಅನಿಸುತ್ತಿದೆ. ಅರ್ಧ ಬಾಟಲಿ ಉಳಿದಿತ್ತು. ಮರುದಿನ ರಾತ್ರಿ ಫ್ರಿಜ್‌ನಿಂದ ತೆಗೆದು, ಸ್ವಲ್ಪ ಹೊತ್ತು ಹೊರಗಿಟ್ಟು, ಬದನೆಕಾಯಿ ಜೊತೆ ಕುಡಿದೆ. ನಿನ್ನೆಯ ಅಡಿಕೆ ಒಗರು ಇರಲಿಲ್ಲ. ಒಂದು ದಿನ ಗಾಳಿ ಆಡಿದ್ದಕ್ಕೋ, ಎಣ್ಣೆಗಾಯಿಗೋ ಗೊತ್ತಿಲ್ಲ. ತಮ್ಮನಿಗೆ ಹೇಳಿಲ್ಲ.

ಸುಮ್ನೆ ಓದುವವ, ಸಿಂಧನೂರು:

ಎಲ್ಲರೂ ಇಷ್ಟು ಚೆನ್ನಾಗಿ ಬರೆಯುತ್ತಿದ್ದೀರಿ. ಆದರೆ ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಅಂತ ನಮ್ಮ ಮಾವ ದಿನಾ ಎರಡು ಲೋಟ ಹಾಕುತ್ತಾರೆ. ಅದು ನಿಜವಾ?

ಬಿ ಶಿಫ್ಟ್, ತೋರಣಗಲ್ಲು:

ಇಲ್ಲ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೇರವಾಗಿ ಹೇಳಿದೆ, ಇಷ್ಟು ಕುಡಿದರೆ ಅಪಾಯ ಇಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ. ರುಚಿಗೆ ಕುಡಿಯಿರಿ, ಔಷಧಿ ಅಂತ ಕುಡಿಯಬೇಡಿ. ಮಾವನಿಗೆ ನೀವು ಹೇಳುತ್ತೀರೋ ಡಾಕ್ಟರ್ ಕೈಲಿ ಹೇಳಿಸುತ್ತೀರೋ ನಿಮಗೆ ಬಿಟ್ಟದ್ದು.

ಗುಡ್ಡದ ಕೆಳಗಿನವ, ಬಳ್ಳಾರಿ:

ಎರಡು ವಾರ ಆಯಿತು. ಬಿ ಶಿಫ್ಟ್ ಅವರ ಮಾತು ತಲೆಯಲ್ಲೇ ಉಳಿದಿತ್ತು. ಸ್ಪೇನ್‌ನವರನ್ನು ಬೈಯಬೇಡಿ ಅಂದರಲ್ಲ. ಪರೀಕ್ಷೆ ಮಾಡಿಯೇ ಬಿಡೋಣ ಅಂತ ಭಾವನ ಕೈಲಿ ಬೆಂಗಳೂರಿನಿಂದ ಅದೇ ಟೆಂಪ್ರನಿಯೊ, ಅದೇ ವರ್ಷದ್ದು, ಒಂದು ತರಿಸಿದೆ. ಎಸಿ ಇರುವ ಅಂಗಡಿಯಲ್ಲಿ, ಮಲಗಿಸಿಟ್ಟದ್ದು. ಇನ್ನೊಂದನ್ನು ಮತ್ತೆ ನಮ್ಮೂರ ಅದೇ ಅಂಗಡಿಯ ಅದೇ ಮೇಲಿನ ಸಾಲಿನಿಂದ ತಂದೆ. ಎರಡೂ ಒಂದೇ ಲೇಬಲ್. ಮತ್ತೆ ಪೇಪರ್, ಮತ್ತೆ ತಮ್ಮ. ಈ ಸಲ ಎರಡನ್ನೂ ನಲವತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆದೆವು. ಮೂರು ಲೋಟ ಹಾಕಿಸಿದೆ, ಎರಡರಲ್ಲಿ ಒಂದೇ ವೈನ್, ಮೂರನೆಯದರಲ್ಲಿ ಇನ್ನೊಂದು. ಬೇರೆ ಯಾವುದು ಹೇಳಿ ಅಂತ. ಮೇಷ್ಟ್ರ ಪರೀಕ್ಷೆ ಓದಿದ ಮೇಲೆ ಹೊಳೆದ ಉಪಾಯ.

ಐದಕ್ಕೆ ಐದೂ ಜನ ಸರಿ ಹೇಳಿದರು. ಮೂಗು ಇಟ್ಟಾಗಲೇ ಗೊತ್ತಾಯಿತು, ಬಾಯಿಗೆ ಹಾಕುವ ಮೊದಲೇ. ಬೆಂಗಳೂರಿನದರಲ್ಲಿ ಚೆರ್ರಿ ಥರದ ಕೆಂಪು ಹಣ್ಣು, ಚೂರು ವೆನಿಲ್ಲಾ, ಹಿಂದೆ ಒಣ ಮಣ್ಣು. ನಮ್ಮೂರದರಲ್ಲಿ ಮತ್ತೆ ಅದೇ ಹತ್ತಿದ ಬೆಲ್ಲ. ಆರು ದೇಶಗಳ ನಡುವೆ ಕಂಡ ವ್ಯತ್ಯಾಸಕ್ಕಿಂತ ಒಂದೇ ಲೇಬಲ್‌ನ ಈ ಎರಡು ಬಾಟಲಿಯ ವ್ಯತ್ಯಾಸ ದೊಡ್ಡದಿತ್ತು.

ನಿನ್ನೆ ಅಂಗಡಿಗೆ ಹೋಗಿ ಮಾಲೀಕರಿಗೆ ಹೇಳಿದೆ. ಜಗಳಕ್ಕಲ್ಲ. ಎದ್ದ ಬಿರಡೆ ತೋರಿಸಿದೆ, ಮೇಲಿನ ಸಾಲಿನಲ್ಲಿ ಇನ್ನೂ ನಾಲ್ಕು ಬಾಟಲಿ ಕುತ್ತಿಗೆ ಅಂಟಾಗಿದ್ದದ್ದು ತೋರಿಸಿದೆ. ಅವರು ಬೆರಳಲ್ಲಿ ಮುಟ್ಟಿ ನೋಡಿದರು, ಮೂಸಿದರು. "ವೈನ್ ಹಳೆಯದಾದಷ್ಟೂ ಒಳ್ಳೆಯದು ಅಂತಾರಲ್ಲ ಸಾರ್" ಅಂದರು. ಇಂಥ ಬೆಲೆಯ ಬಾಟಲಿ ಎರಡು ಮೂರು ವರ್ಷದಲ್ಲಿ ಕುಡಿದು ಮುಗಿಸಬೇಕಾದದ್ದು ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಹುಡುಗನನ್ನು ಕರೆದು ವೈನ್ ಸಾಲು ಪೂರ್ತಿ ಕೆಳಗೆ, ಬಿಯರ್ ಫ್ರಿಜ್ ಪಕ್ಕದ ಮೂಲೆಗೆ ಇಳಿಸಲು ಹೇಳಿದರು. ಮೇಲಿನ ಜಾಗಕ್ಕೆ ರಮ್ ಹೋಯಿತು.

ಮಂಡಕ್ಕಿ ಮಿರ್ಚಿ, ಬಳ್ಳಾರಿ:

ಯಾವ ಅಂಗಡಿ ಅಂತ ಹೇಳಬೇಡಿ, ಗೊತ್ತಾಯಿತು. ನಿನ್ನೆ ಸಂಜೆ ಹೋಗಿದ್ದೆ. ಹುಡುಗ ಸ್ಟೂಲ್ ಹತ್ತಲಿಲ್ಲ, ಬಗ್ಗಿದ. ಪೋರ್ಟ್ ಮೇಲೆ ಧೂಳು ಹಾಗೇ ಇದೆ.

ರೊಟ್ಟಿ ಅಕ್ಕ, ಕೊಪ್ಪಳ:

ಮುಂದಿನ ಸಲ ಊಟ ನನ್ನದು, ಎಣ್ಣೆಗಾಯಿ ಮತ್ತು ಸಜ್ಜೆ ರೊಟ್ಟಿ. ಪೇಪರ್ ಸುತ್ತಲು ನಿಮ್ಮ ತಮ್ಮನನ್ನು ಕರೆತನ್ನಿ. ಮಿರ್ಚಿ ತರುವ ಭಾವನನ್ನು ಮೂರನೇ ನಂಬರ್ ಮುಗಿದ ಮೇಲೆ ಕರೆಯೋಣ.